ಸೌಟು ಉಳಿಸಿದ ಬೇಸಿಗೆ

ಕಳೆದ ವಾರ ಒಮಾನಿನ ರಾಜಧಾನಿ ಮಸ್ಕತ್ತಿನ ಪಕ್ಕದ ಅಲ್ ಅಮೇರಾತ್‌ನ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಇಸ್ತ್ರಿಪೆಟ್ಟಿಗೆ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಬೇರೊಬ್ಬ ಗಿರಾಕಿಗೆ ಹೊಸ ಹಾಟ್‌ಪ್ಲೇಟ್ ಒಂದನ್ನು ಪೆಟ್ಟಿಗೆಯಿಂದ ತೆಗೆದು ಪ್ಲಗ್ಗಿಗೆ ಚುಚ್ಚಿ ತೋರಿಸುತ್ತಿದ್ದ. ಮೊದಲ ಸಲ ಕಾದ ಸುರುಳಿಯಿಂದ ಬಣ್ಣ ಸುಡುವ ಆ ವಾಸನೆ ಎದ್ದದ್ದೇ ತಡ, ನಾನು ಇಸ್ತ್ರಿಪೆಟ್ಟಿಗೆಯನ್ನು ಮರೆತು ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಹಳೆಯ ಪ್ರೇಮ ನೆನಪಾಗುತ್ತದಂತೆ. ನನಗೆ ಹಾಟ್‌ಪ್ಲೇಟಿನ ವಾಸನೆಯಿಂದ ಚುನಾವಣೆ ನೆನಪಾಗುತ್ತದೆ. ಎಂಥ ಯೌವನ ನನ್ನದು!

ಮಸ್ಕತ್ತಿನಲ್ಲಿ ನಮ್ಮ ಕರಾವಳಿಯವರದ್ದೊಂದು ಬಳಗವಿದೆ. ಹೆಸರು ಬೇಡ, ಹೇಳಿದರೆ ಜಗಳ ಮತ್ತೆ ಶುರುವಾದೀತು. ತುಳುವಿನವರು, ಕೊಂಕಣಿಯವರು, ಬ್ಯಾರಿಯವರು ಎಲ್ಲರೂ ಅದರಲ್ಲಿದ್ದಾರೆ. ಜಗಳಕ್ಕೆ ಮಾತ್ರ ಎಲ್ಲರೂ ಕನ್ನಡವನ್ನೇ ಬಳಸುತ್ತಾರೆ. ಆ ಬಳಗದಲ್ಲಿ ಓಟು ಹಾಕುವ ಕ್ರಮ ಜಗತ್ತಿನ ಬೇರೆ ಕಡೆ ಇರಲಿಕ್ಕಿಲ್ಲ. ಬಹಳ ಹಿಂದೆ ಹಳೆಯ ಮತ್ರಾ ಪೇಟೆಯ ಗಲ್ಲಿಯೊಂದರ ಮಹಡಿಯಲ್ಲಿ ಮೊದಲ ಸಭೆ ಸೇರಿದಾಗ ಪ್ರತಿ ಮನೆಯವರೂ ಒಂದೊಂದು ಪಾತ್ರೆ ಅಡುಗೆ ತಂದಿದ್ದರಂತೆ. ಅಧ್ಯಕ್ಷರು ಯಾರೆಂಬ ಮಾತು ಬಂದ ಹೊತ್ತಿಗೆ ಎಲ್ಲರ ಕೈಯಲ್ಲೂ ಬಡಿಸುವ ಸೌಟು. ಅದನ್ನೇ ಎತ್ತಿದರು. ಅಂದಿನಿಂದ ಅದೇ ನಿಯಮ: ಒಂದು ಒಲೆ, ಒಂದು ಪಾತ್ರೆ, ಒಂದು ಸೌಟು, ಒಂದು ಓಟು. ಸಂಸಾರಸ್ಥರ ಮನೆಗೊಂದು ಒಲೆ. ಒಟ್ಟಿಗೆ ಬೇಯಿಸಿಕೊಂಡಿರುವ ಬ್ಯಾಚುಲರ್ ರೂಮಿಗೂ ಒಂದೇ ಒಲೆ, ಒಳಗೆ ಆರು ಜನ ಇರಲಿ, ಹತ್ತು ಜನ ಇರಲಿ. ಸಭೆಯ ದಿನ ಅಧ್ಯಕ್ಷರು ಮೇಜಿನುದ್ದಕ್ಕೂ ನಡೆದು ಪ್ರತಿ ಪಾತ್ರೆಯಿಂದ ಒಂದು ಚಮಚ ರುಚಿ ನೋಡಿ “ಮಂಜೂರು” ಅನ್ನಬೇಕು. ಹಾಗೆಂದ ಮೇಲೆಯೇ ಆ ಪಾತ್ರೆಯ ಸೌಟಿಗೆ ಏಳುವ ಹಕ್ಕು.

ಅಮೇರಾತ್‌ನ ನಮ್ಮ ರೂಮಿನಲ್ಲಿ ಆರು ಮಂದಿ ಇದ್ದೆವು. ಅಂದರೆ ನಾನು ಒಂದು ಓಟಿನ ಆರನೆಯ ಒಂದು ಪಾಲು. ಅದರಲ್ಲೂ ಪಾತ್ರೆ ತೊಳೆಯುವ ಪಾಲು. ಅಡುಗೆ ಮಾಡುತ್ತಿದ್ದವರು ಲಾರೆನ್ಸ್, ನಮಗೆಲ್ಲ ಲಾರಣ್ಣ, ಶಿರ್ವದ ಕಡೆಯವರು, ನಮ್ಮಲ್ಲೆಲ್ಲ ಹಿರಿಯರು. ಸಭೆಯಲ್ಲಿ ರೂಮಿನ ಸೌಟು ಎತ್ತುವವರೂ ಅವರೇ. ಸಭೆಯ ಹಿಂದಿನ ದಿನ ಕುಚ್ಚಲಕ್ಕಿ ಅನ್ನದ ಸುತ್ತ ಕೂತು ನಾವು ಆರೂ ಜನ ವಾದ ಮಾಡುತ್ತಿದ್ದೆವು. ಯಾರಿಗೆ ಎತ್ತಬೇಕು, ಯಾಕೆ ಎತ್ತಬೇಕು ಎಂದು ಲಾರಣ್ಣ ಎಲ್ಲರ ಬಾಯಿಂದಲೂ ಹೇಳಿಸಿ, ಒಪ್ಪಿಗೆ ಆಗುವ ತನಕ ಮೀನು ಬಡಿಸುತ್ತಿರಲಿಲ್ಲ. ಒಪ್ಪಿಗೆ ಬೇಗ ಆಗುತ್ತಿತ್ತು.

ನನ್ನ ಉದ್ಯೋಗ ಎಸಿ ರಿಪೇರಿಯ ಕಂಪನಿಯೊಂದರಲ್ಲಿ ಫೋನು ಎತ್ತುವುದು. ನನ್ನ ಚಟ, ಫೋನು ಇಟ್ಟ ಮೇಲೆ ಮಾತಾಡಿದವರ ಸ್ವರ ತೆಗೆಯುವುದು, ಎಂದರೆ ಅವರಂತೆಯೇ ಅಣಕಿಸುವುದು. ಮೇನೇಜರರ ಕೆಮ್ಮು, ಪಕ್ಕದ ಅಂಗಡಿಯ ಅಜ್ಜನ “ಯಲ್ಲಾ ಯಲ್ಲಾ”, ಲಾರಣ್ಣ ಸಾರಿಗೆ ಉಪ್ಪು ಹಾಕುವಾಗಿನ ಲೊಚಗುಟ್ಟುವಿಕೆ, ಯಾವುದನ್ನೂ ಬಿಟ್ಟವನಲ್ಲ. ಕನ್ನಡಿಯ ಮುಂದೆ ನನ್ನದೇ ಸ್ವರ ತೆಗೆಯಲು ಒಮ್ಮೆ ಪ್ರಯತ್ನಿಸಿದೆ. ಸಾಕ್ಷಾತ್ ನೆಗಡಿಯಾದ ಮೇಕೆ. ಈ ಉದ್ಯೋಗ ಕೊಡಿಸಿದ್ದು ನನ್ನ ಸೋದರಮಾವ, ವಾಮನ ಮಾವ. ವೀಸಾಕ್ಕೆ ಓಡಾಡಿದ್ದು ಅವರು, ಮೇನೇಜರರ ಜೊತೆ ಮಾತಾಡಿದ್ದು ಅವರು. ಬಳಗದ ಅಧ್ಯಕ್ಷರೂ ಅವರೇ, ಅದೂ ಸತತವಾಗಿ. ಅವರ ಸ್ವರ ತೆಗೆಯುವುದು ಸುಲಭ: ಮೊದಲು ಗಂಟಲಲ್ಲೊಂದು ಲಾರಿ ಸ್ಟಾರ್ಟ್ ಮಾಡಬೇಕು, ಆಮೇಲೆ “ಹೇಗೆ ಅಂದ್ರೆ” ಎನ್ನಬೇಕು, ಆಮೇಲೆ ಹೇಗೆಂದು ಹೇಳಬಾರದು.

ಆ ವರ್ಷ ಬಿಸಿಲು ಏರುವ ಮುಂಚೆ ನಡೆದ ಸಾಮಾನ್ಯ ಸಭೆಯಲ್ಲಿ ಐರಿನ್ ಬಾಯಿ ಎದ್ದು ನಿಂತರು. ನರ್ಸ್. ಬಳಗದಲ್ಲಿ ಯಾರಿಗೆ ಜ್ವರ ಬಂದರೂ, ಯಾರಿಗೆ ಹೆರಿಗೆಯಾದರೂ, ಯಾರ ಹೆಣ ಊರಿಗೆ ಕಳಿಸಬೇಕಾದರೂ ಮೊದಲ ಫೋನು ಹೋಗುವುದು ಅವರಿಗೆ. ಮದುವೆಯಾಗಿರಲಿಲ್ಲ, ಬಂದಾಗಿನಿಂದ ಆಸ್ಪತ್ರೆಯ ಹಾಸ್ಟೆಲಿನಲ್ಲೇ ವಾಸ.

“ನನಗೆ ಒಲೆ ಇಲ್ಲ,” ಎಂದರು ಬಾಯಿ. “ಹಾಸ್ಟೆಲಿನಲ್ಲಿ ಇಡ್ಲಿಕ್ಕೆ ಬಿಡುದಿಲ್ಲ, ಕ್ಯಾಂಟೀನಿನಲ್ಲಿ ಊಟ. ಹಾಗೆ ಇಷ್ಟು ವರ್ಷ ನಿಮ್ಮೆಲ್ಲರ ಪಾತ್ರೆಯಿಂದ ಬಡಿಸಿದ್ದೇನೆ, ಒಂದು ಸಲವೂ ಸೌಟು ಎತ್ತಲಿಲ್ಲ. ಒಮ್ಮೆ ಗೊತ್ತಾಗದೆ ಕೈ ಎತ್ತಿದ್ದೆ. ‘ಕೈ ಅಲ್ಲ ಬಾಯಿ, ಸೌಟು’ ಅಂತ ಎಲ್ಲ ನಗಾಡಿದ್ರಿ. ಈ ವರ್ಷ ನನ್ನ ವೀಸಾ ಕ್ಯಾನ್ಸಲ್ ಆಗ್ತದೆ, ಬೇಸಿಗೆ ಮುಗಿಯುವಾಗ ನಾನು ಊರಿಗೆ. ಅದಕ್ಕೆ ಮೊದಲು ಇದನ್ನು ಬದಲಿಸಿ. ಬತಾಕಾ ಇದ್ದ ಎಲ್ಲರಿಗೂ ಒಂದೊಂದು ಚೀಟಿ, ಒಂದೊಂದು ಓಟು. ಗಂಡಸಿಗೆ, ಹೆಂಗಸಿಗೆ, ರೂಮಿನವರಿಗೆ, ಒಲೆ ಇಲ್ಲದವರಿಗೆ.”

ಬತಾಕಾ ಎಂದರೆ ಇಲ್ಲಿ ವಾಸಕ್ಕೆ ಕೊಡುವ ಗುರುತಿನ ಕಾರ್ಡು. ಸಭೆಯಲ್ಲಿ ಗುಜುಗುಜು ಎದ್ದಿತು. ಇಂಥ ಬದಲಾವಣೆಯಾಗಬೇಕಾದರೆ ಒಮಾನಿನಲ್ಲಿರುವ ನಮ್ಮ ಎಲ್ಲ ಒಲೆಗಳನ್ನೂ ಕೇಳಬೇಕೆಂದು ನಿಯಮವಿತ್ತು: ಮಸ್ಕತ್, ಸೊಹಾರ್, ಸಲಾಲಾ, ಮೂರೂ ಕಡೆ ಒಂದೇ ದಿನ ಸೌಟು ಏಳಬೇಕು. ಆಗಸ್ಟಿನ ಒಂದು ಶುಕ್ರವಾರ ನಿಗದಿಯಾಯಿತು. ನಾನು ಅದಕ್ಕೆ ರಾಷ್ಟ್ರೀಯ ಜನಮತಗಣನೆ ಎಂದು ಹೆಸರಿಟ್ಟೆ. ತಮಾಷೆಗೆ ಇಟ್ಟದ್ದು. ವಾರ ಕಳೆಯುವುದರೊಳಗೆ ಎಲ್ಲರೂ ಗಂಭೀರವಾಗಿ ಹಾಗೆಯೇ ಕರೆಯತೊಡಗಿದರು.

ಮಾವನ ಪಕ್ಷದ ಹೆಸರು ‘ಸೌಟು ಉಳಿಸಿ’. ನಾನು ಅದರ ಪ್ರಚಾರಕ, ಹಾಸ್ಯನಟ ಮತ್ತು ಮೈಕ್ ಹೊರುವವನು. ಮಾವನ ಮಾತಿನಲ್ಲಿ ತೂಕ ಇರಲಿಲ್ಲವೆಂದು ಹೇಳಲಾರೆ. “ಚೀಟಿ ಆದ್ರೆ ಹೇಗೆ ಅಂದ್ರೆ, ಒಬ್ಬೊಬ್ಬ ಮೂಲೆಯಲ್ಲಿ ನಿಂತು ಗೀಚಿ ಹಾಕಿ ಮನೆಗೆ ಹೋಗ್ತಾನೆ. ಯಾರೂ ಯಾರ ಹತ್ರವೂ ಮಾತಾಡ್ಬೇಕು ಅಂತ ಇಲ್ಲ. ಸೌಟಾದ್ರೆ ಮನೆಯವರು ಕೂತು ಮಾತಾಡ್ಬೇಕು, ಒಂದು ರೂಮಿನವರು ಜಗಳಾಡಿ ಒಪ್ಪಬೇಕು. ಇಂಜಿನಿಯರನ ಸೌಟೂ ಒಂದೇ, ಲಾರೆನ್ಸನ ಸೌಟೂ ಒಂದೇ.” ಲಾರಣ್ಣ ಇದಕ್ಕೆ ತಲೆದೂಗುತ್ತಿದ್ದರು. ನನಗೂ ಸರಿಯೆನಿಸುತ್ತಿತ್ತು, ನಮ್ಮ ರೂಮಿನಲ್ಲಿ ಅದು ನಡೆಯುವುದನ್ನು ನಾನೇ ಕಂಡಿದ್ದೆ. ಮಾವನ ಹೆಂಡತಿ ಸುಮತಿ ಅತ್ತೆ ಮಾತ್ರ ಅಡುಗೆಮನೆಯೊಳಗಿನಿಂದ ಹೇಳುತ್ತಿದ್ದರು, “ಬೇಯಿಸುದು ನಾನು, ಎತ್ತುದು ಇವರು. ಭಾರ ಇಲ್ಲದ್ದನ್ನು ಎತ್ತಲಿಕ್ಕೆ ಇವರಿಗೆ ಮೊದಲಿಂದ್ಲೂ ಭಾರಿ ಉಮೇದು.”

ಪ್ರಚಾರವೆಂದರೆ ಮನೆಮನೆಯ ಚಹಾ. ಮಾವ ಭಾಷಣ ಮಾಡುವುದು, ಜನ ಆಕಳಿಸುವಾಗ ನಾನು ಐರಿನ್ ಬಾಯಿಯ ಸ್ವರ ತೆಗೆಯುವುದು. “ಮಗಾ, ತಲೆಗೊಂದು ಓಟು, ಸೊಂಟಕ್ಕೊಂದು ಸೂಜಿ! ಯಾವುದು ಮೊದಲು ಬೇಕು?” ನಗು ಗ್ಯಾರಂಟಿ. ಮಸ್ಕತ್ತಿನ ರೂವಿ ಬಡಾವಣೆಯ ಒಂದು ಮನೆಯಲ್ಲಿ ಹೀಗೆ ಮಾಡುತ್ತಿರುವಾಗ ನಗು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಐರಿನ್ ಬಾಯಿ. ಆ ಮನೆಯ ಅಜ್ಜಿಗೆ ಬಿಪಿ ನೋಡಲು ಬಂದಿದ್ದರು.

“ನನ್ನ ಸ್ವರ ಅಷ್ಟು ಸಪೂರ ಇಲ್ಲ ಮಗಾ,” ಎಂದರು. “ಸ್ವಲ್ಪ ಮೂಗಿನಿಂದ ತೆಗಿ. ಹಾಂ, ಈಗ ಸರಿ ಆಯ್ತು. ಇನ್ನು ಮುಂದುವರಿಸು.”

ಮುಂದುವರಿಸುವುದು ಹೇಗೆ? ಅವರು ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ ಪುಸುಪುಸು ಗಾಳಿ ತುಂಬುತ್ತಿದ್ದರು, ನಾನು ಮೈಕಿನ ವೈರು ಸುತ್ತತೊಡಗಿದೆ.

ಜೂನ್ ಕಳೆಯುವಾಗ ನಗು ಎಲ್ಲ ಕಡೆ ಕಡಿಮೆಯಾಯಿತು. ಬಿಸಿಲು ಮಧ್ಯಾಹ್ನ ಕಾರಿನ ಸ್ಟೀರಿಂಗನ್ನು ಮುಟ್ಟಲು ಬಿಡುತ್ತಿರಲಿಲ್ಲ. ಎಸಿ ಕೆಟ್ಟವರು ಫೋನಿನಲ್ಲಿ ನನ್ನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದರು. ಬಳಗದ ವಾಟ್ಸಾಪ್ ಗುಂಪಿಗೆ ಮಾವ ಬೀಗ ಹಾಕಿದರು. ಅದು ಎರಡು ಗುಂಪುಗಳನ್ನು ಮರಿ ಹಾಕಿತು. ಮಕ್ಕಳ ಹುಟ್ಟುಹಬ್ಬಕ್ಕೆ ಅರ್ಧ ಜನರನ್ನು ಕರೆಯದೆ ಇರುವುದು ಶುರುವಾಯಿತು. ಸೂಪರ್ ಮಾರ್ಕೆಟ್ಟಿನಲ್ಲಿ ಎದುರಾದರೆ ಜನ ತೆಂಗಿನಹಾಲಿನ ಡಬ್ಬಿಯ ಹಿಂಬದಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಆಗ ಬಂತು ಹಾಟ್‌ಪ್ಲೇಟು. ರೂವಿಯ ಒಂದು ರೂಮಿನಲ್ಲಿ ಅರ್ಧ ಜನ ಚೀಟಿಯ ಪರ, ಅರ್ಧ ಜನ ಸೌಟಿನ ಪರ; ಎಷ್ಟು ವಾದಿಸಿದರೂ ಒಪ್ಪಿಗೆಯಿಲ್ಲ. ಚೀಟಿಯವರು ಸೀದಾ ಹೋಗಿ ಒಂದು ಹಾಟ್‌ಪ್ಲೇಟ್ ತಂದು ಮೂಲೆಯಲ್ಲಿಟ್ಟು, ನಮ್ಮ ಒಲೆ ಬೇರೆ, ನಮ್ಮ ಸೌಟು ಬೇರೆ ಎಂದರು. ಸಮಿತಿ ಸೇರಿತು. ಬೆಂಕಿಯಿಲ್ಲದ್ದು ಒಲೆಯೇ? ಮಾವ “ಅಲ್ಲ” ಎಂದಿದ್ದರೆ ಎಲ್ಲ ಅಲ್ಲಿಗೇ ಖಲಾಸ್. ಆದರೆ ಮಾವ ಗಂಟಲಿನ ಲಾರಿ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟರು. ಅವರ ಕಣ್ಣಿನಲ್ಲಿ ನಮ್ಮ ಕಡೆಯ ರೂಮುಗಳು ಒಂದೊಂದಾಗಿ ಹಾದುಹೋಗುತ್ತಿರುವುದು ನನಗೆ ಕಾಣುತ್ತಿತ್ತು.

“ಮುಟ್ಟಿದ್ರೆ ಕೈ ಸುಡ್ತದಾ?” ಎಂದು ಕೇಳಿದರು.

“ಸುಡ್ತದೆ.”

“ಸುಟ್ರೆ ಒಲೆ.”

ಮರುದಿನ ಮಾವನ ಕಾರಿನ ಡಿಕ್ಕಿ ಹಾಟ್‌ಪ್ಲೇಟುಗಳಿಂದ ತುಂಬಿತ್ತು. ಸೌಟಿನ ಪರ ಇರುವ ಪ್ರತಿ ಬ್ಯಾಚುಲರನಿಗೂ ಒಂದು. ಚೀಟಿಯವರೂ ಬಿಡಲಿಲ್ಲ. ಒಲೆ ಉಳಿಸಲು ಹೊರಟವರೇ ತಲೆಗೊಂದು ಒಲೆ ಹಂಚುತ್ತಿದ್ದೇವೆ ಎಂಬುದು ಆ ಬಿಸಿಲಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಇಲ್ಲ; ನಾನು ಪೆಟ್ಟಿಗೆ ಹೊರುವುದರಲ್ಲಿದ್ದೆ.

ನಮ್ಮ ರೂಮಿಗೂ ಬಂತು. ನನಗೊಂದು, ಇನ್ನಿಬ್ಬರಿಗೆ ಒಂದೊಂದು ಮಾವನಿಂದ. ಉಳ್ಳಾಲದ ಝಾಕಿರ್ ಚೀಟಿಯವನು. ಅವನಿಗೂ ಅವನ ಜೊತೆಯವನಿಗೂ ಅವರ ಕಡೆಯಿಂದ. ಲಾರಣ್ಣನಿಗೆ ಹಳೆಯ ಗ್ಯಾಸ್ ಒಲೆ. ಹೊಸ ನಿಯಮದ ಪ್ರಕಾರ ತನ್ನ ಒಲೆಯ ಮೇಲೆ ತಾನೇ ಬೇಯಿಸಿ ತಿನ್ನಬೇಕು, ಇಲ್ಲದಿದ್ದರೆ ಅದು ಬೇರೆ ಒಲೆ ಹೇಗಾದೀತು? ಸಮಿತಿಯವರು ಯಾವ ಗಳಿಗೆಯಲ್ಲೂ ಬಂದು ನೋಡಬಹುದು. ಹಾಗಾಗಿ ಒಂದೇ ಬಟ್ಟಲಿನ ಸುತ್ತ ಕೂರುತ್ತಿದ್ದ ಆರು ಜನ ಆರು ಮೂಲೆಯಲ್ಲಿ ಬೆನ್ನು ತಿರುಗಿಸಿ ಆರು ಬಗೆಯ ಬೇಯದ ಅನ್ನ ತಿನ್ನತೊಡಗಿದೆವು. ಲಾರಣ್ಣ ಅಭ್ಯಾಸಬಲದಿಂದ ಆರು ಜನರಿಗಾಗುವಷ್ಟು ಸಾರು ಮಾಡುತ್ತಿದ್ದರು. ಯಾರೂ ಮುಟ್ಟುವಂತಿರಲಿಲ್ಲ.

ಒಂದು ಸಂಜೆ ಎಲ್ಲ ಹಾಟ್‌ಪ್ಲೇಟುಗಳೂ ಒಟ್ಟಿಗೆ ಉರಿದವು. ಎಸಿಯೂ ಓಡುತ್ತಿತ್ತು. ‘ಟಪ್’ ಎಂದು ಇಡೀ ಕಟ್ಟಡದ ಕರೆಂಟು ಹೋಯಿತು. ಕತ್ತಲಲ್ಲಿ ಝಾಕಿರ್, “ನಿನ್ನ ಮಾವನ ಒಲೆಯಿಂದಲೇ ಹೋದದ್ದು” ಎಂದ. ನಾನು ಅವನ ಸ್ವರದಲ್ಲೇ ಅದನ್ನು ತಿರುಗಿ ಹೇಳಿದೆ. ಬೇರೆ ದಿನವಾದರೆ ಅವನೇ ಮೊದಲು ನಗುತ್ತಿದ್ದ. ಆ ದಿನ ನನ್ನ ಅಂಗಿಯ ಕಾಲರ್ ಹಿಡಿದ. ಬಿಡಿಸಿದ್ದು ಲಾರಣ್ಣ, ಎರಡೂ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು. ಅಷ್ಟರಲ್ಲಿ ಮನೆಯ ಯಜಮಾನ, ಒಮಾನಿ ಮುದುಕ, ಟಾರ್ಚ್ ಹಿಡಿದು ಬಂದು ಸಾಲಾಗಿ ಕೂತ ಒಲೆಗಳ ಮೇಲೆ ಬೆಳಕು ಬಿಟ್ಟ. “ಯೇ ಕ್ಯಾ ಹೈ? ಹೋಟೆಲ್? ಏಕ್ ರೂಮ್, ಏಕ್ ಕಿಚನ್! ಖಲಾಸ್!” ಎಂದು ಕೂಗಿದ. ನಮ್ಮ ಪಕ್ಷದ ಸಿದ್ಧಾಂತವನ್ನು ಇಷ್ಟು ಚಿಕ್ಕದಾಗಿ ಮಾವನೂ ಯಾವತ್ತೂ ಹೇಳಿರಲಿಲ್ಲ. ಯಾರಿಗೂ ನಗು ಬರಲಿಲ್ಲ. ಅಂದಿನಿಂದ ಝಾಕಿರ್ ನನ್ನೊಡನೆ ಮಾತು ಬಿಟ್ಟ.

ಜುಲೈಯಲ್ಲಿ ಮಾವ ನನ್ನನ್ನು ಸಲಾಲಾಕ್ಕೆ ಕರೆದುಕೊಂಡು ಹೋದರು. ಮರಳು, ಮರಳು, ಮತ್ತೆ ಮರಳು; ಹಿಂದಿನ ಸೀಟಿನಲ್ಲಿ ಸುಮತಿ ಅತ್ತೆ, ಡಿಕ್ಕಿಯಲ್ಲಿ ಒಲೆ. ಬೆಟ್ಟ ಇಳಿಯುತ್ತಿದ್ದಂತೆ ಗಾಜಿನ ಮೇಲೆ ತುಂತುರು ಬಿತ್ತು. ಒಮಾನ್ ಎಲ್ಲ ಹೊತ್ತಿ ಉರಿಯುವಾಗ ಸಲಾಲಾದಲ್ಲಿ ಮೋಡ, ತೆಂಗಿನ ಸಾಲು, ಹಸಿರು. ನನ್ನ ಕಂಪನಿಯ ಕರಾರು ಸೆಪ್ಟೆಂಬರಿನಲ್ಲಿ ಮುಗಿಯುವುದಿತ್ತು. ಮಾವ ದಾರಿಯಲ್ಲಿ ಒಂದೇ ಸಲ ಅದರ ಸುದ್ದಿ ಎತ್ತಿದರು: “ನಿನ್ನ ಮೇನೇಜರ್ ಫೋನ್ ಮಾಡಿದ್ದ. ಜನಮತ ಒಂದು ಮುಗೀಲಿ, ಮಾತಾಡುವ.” ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ನಾನು ಯಾರ ಸ್ವರವನ್ನೂ ತೆಗೆಯಲಿಲ್ಲ.

ಅಲ್ಲಿ ಬಂದರಿನ ಕೆಲಸದ ನಮ್ಮ ಹುಡುಗರು ಕ್ಯಾಂಪಿನಲ್ಲಿದ್ದರು. ಕಂಪನಿಯ ಮೆಸ್ಸು, ಕೋಣೆಯಲ್ಲಿ ಒಲೆ ನಿಷೇಧ. ಸೌಟಿನ ಪರ ಇದ್ದರೂ ಎತ್ತುವ ಹಾಗಿಲ್ಲ. ಮಾವನ ಬಾಯಲ್ಲಿ ನೀರೂರಿತು. ಅವರು ಅಲ್ಲಿಯೇ ನಿಂತು, ಕೊಡೆ ಹಿಡಿದುಕೊಂಡು, ಅಧ್ಯಕ್ಷರ ತೀರ್ಮಾನ ಎಂದು ಧ್ವನಿಮುದ್ರಿಸಿ ಎರಡೂ ಗುಂಪುಗಳಿಗೆ ಕಳಿಸಿದರು: “ಒಲೆ ನಮ್ಮದೇ ಗೋಡೆಯ ಒಳಗೆ ಇರಬೇಕು ಅಂತ ಇಲ್ಲ. ಬೇರೆಯವರು ಬಿಟ್ಟುಕೊಟ್ಟ ಒಲೆಯಾದ್ರೂ ಸರಿ. ಒಂದು ಒಲೆಗೆ ಒಂದೇ ಪಾತ್ರೆ. ಅದರ ಮೇಲೆ ತನ್ನ ಕೈಯಿಂದ ಬೇಯಿಸಿ ತಂದವರದ್ದು ಸೌಟು.”

“ಹಾಗಾದ್ರೆ ನಮ್ಮ ಮನೆಯ ಸೌಟು ಯಾರದ್ದು?” ಎಂದು ಅತ್ತೆ ಕಾರಿನೊಳಗಿನಿಂದ ಕೇಳಿದರು.

“ಅದು ಫ್ಯಾಮಿಲಿ ಒಲೆ. ಬೇರೆ ವಿಷಯ,” ಎಂದರು ಮಾವ.

ಜನಮತದ ವಾರ ಐರಿನ್ ಬಾಯಿ ನನ್ನ ಆಫೀಸಿಗೇ ಬಂದರು. ಎಸಿ ಕೆಟ್ಟಿದೆ ಎಂದು ಬರೆಸಲು ಬಂದವರ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಮೇಜಿಗೆ ಬಾಗಿ, “ನಿನ್ನ ಒಲೆ ನನಗೆ ಕೊಡು,” ಎಂದರು.

ನಾನು ದೂರಿನ ಪುಸ್ತಕ ಮುಚ್ಚಿದೆ. “ನನ್ನದಾ? ಬಾಯಿ, ನಾನು ಸೌಟು ಉಳಿಸಿ!”

“ಅದಕ್ಕೇ. ನನ್ನ ಕಡೆಯವರು ಕೊಡ್ತೇನೆ ಅಂದ್ರು. ಅವರಲ್ಲಿ ಒಂದು ಕಳೆದು ನಾನು ಒಂದು ಎತ್ತಿದ್ರೆ ಎಂತ ಲಾಭ? ನಿಮ್ಮದು ಒಂದು ಕಮ್ಮಿ ಆಗ್ಬೇಕು, ನನ್ನದು ಒಂದು ಜಾಸ್ತಿ ಆಗ್ಬೇಕು.”

“ನಿಮಗೆ ಕೇಳಲಿಕ್ಕೆ ನಾನೇ ಸಿಕ್ಕಿದ್ದಾ?”

“ಉಳಿದವರು ಸಭ್ಯರು. ಅವರ ಹತ್ರ ಕೇಳ್ಲಿಕ್ಕೆ ನಾಚಿಕೆ ಆಗ್ತದೆ.” ಆಮೇಲೆ ಮೇಜಿಗೆ ಇನ್ನಷ್ಟು ಬಾಗಿ ಹೇಳಿದರು, “ನಾನು ಜನ್ಮದಲ್ಲಿ ಒಂದು ಓಟು ಹಾಕಿಲ್ಲ, ಗೊತ್ತುಂಟಾ? ಊರಲ್ಲಿ ಹೆಸರು ಬರೆಸುವ ಮೊದಲೇ ಟ್ರೈನಿಂಗಿಗೆ ಹೋದೆ. ಅಲ್ಲಿಂದ ಇಲ್ಲಿಗೆ. ಇಲ್ಲಿ ನಾವು ಹೊರಗಿನವರು. ಊರಿಗೆ ಹೋದ ಮೇಲೆ ಹಾಕಬಹುದು, ಸರಿ. ಆದ್ರೆ ಅಲ್ಲಿ ನನಗೆ ಯಾರು ಗೊತ್ತುಂಟು? ನಾನು ಬದುಕಿದ್ದು ನಿಮ್ಮೊಟ್ಟಿಗೆ. ಎತ್ತುದಾದ್ರೆ ನಿಮ್ಮ ಎದುರೇ ಒಂದು ಸಲ ಎತ್ತಬೇಕು.”

ಹಿಂದಿನಿಂದ ಯಾರೋ “ಜಲ್ದಿ ಭಾಯ್” ಎಂದರು. ಫೋನು ಹೊಡೆದುಕೊಳ್ಳುತ್ತಿತ್ತು. ನಾನು ನಾಳೆ ಹೇಳುತ್ತೇನೆ ಎಂದೆ. ಮರುದಿನವೂ ಹಾಗೆಯೇ ಎಂದೆ. ಆ ವಾರ ನಿದ್ದೆಯಲ್ಲಿ ಸೌಟುಗಳು ಬಂದು ನನ್ನ ಕರಾರಿನ ವಿಷಯ ವಿಚಾರಿಸುತ್ತಿದ್ದವು, ಎಲ್ಲವೂ ಮಾವನ ಸ್ವರದಲ್ಲಿ. ಗುರುವಾರ ಸಂಜೆ ಲಾರಣ್ಣನಿಗೆ ಹೇಳಿದೆ. ಅವರು ನೀರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಾನು ನಾಳೆ ಸೌಟಿನ ಪರವೇ ಎತ್ತುದು,” ಎಂದರು. “ಅದು ನನ್ನ ಅಭಿಪ್ರಾಯ. ಆದ್ರೆ ನಿನಗೆ ಅಡಿಗೆ ಬರ್ತದಾ?”

“ಇಲ್ಲ.”

“ಮತ್ತೆ ನಿನಗೆ ಒಲೆ ಯಾಕೆ?”

ಶುಕ್ರವಾರ ಬೆಳಿಗ್ಗೆ ಬಾಯಿ ಒಂದು ಚೀಲ ತೊಂಡೆಕಾಯಿ, ನೆನೆಸಿದ ಕಡಲೆ, ಹೊಸ ಪಾತ್ರೆ, ಹೊಸ ಸೌಟು ಹಿಡಿದು ನಮ್ಮ ರೂಮಿಗೆ ಬಂದರು. ಸಸ್ಯಾಹಾರ ಆದರೆ ಯಾರೂ ಬೇಡವೆನ್ನಲಾರರು ಎಂಬ ಲೆಕ್ಕ. ಹಾಟ್‌ಪ್ಲೇಟ್ ಉರಿಯಬೇಕಾದರೆ ಎಸಿ ನಿಲ್ಲಿಸಬೇಕು. ನಿಲ್ಲಿಸಿದೆವು. ಐದು ನಿಮಿಷದಲ್ಲಿ ಅಡುಗೆಮನೆ ಬೇಕರಿಯ ಒಲೆಯಂತಾಯಿತು. ನಾವು ಆರೂ ಜನ ಗೋಡೆಗೆ ಒರಗಿ ಬೆವರುತ್ತ ನಿಂತೆವು, ಝಾಕಿರನೂ.

ಒಂದು ವಿಷಯ ಬೇಗ ಸ್ಪಷ್ಟವಾಯಿತು. ಇಷ್ಟು ವರ್ಷ ಕ್ಯಾಂಟೀನಿನಲ್ಲಿ ಉಂಡ ಬಾಯಿಗೆ ಅಡುಗೆ ಮರೆತುಹೋಗಿತ್ತು. ಕಡಲೆ ಬೇಯುವ ಮೊದಲೇ ತೊಂಡೆಕಾಯಿ ಹಾಕಿದರು. ಸಾಸಿವೆ ಸಿಡಿದದ್ದಕ್ಕೆ, ಎಷ್ಟೋ ಆಪರೇಷನ್ನುಗಳಲ್ಲಿ ನಿಂತ ಹೆಂಗಸು, ಹಿಂದಕ್ಕೆ ಹಾರಿದರು. ಕೈಯಲ್ಲಿ ಉಪ್ಪು ಹಿಡಿದು ಎಷ್ಟು ಎಂದು ಯೋಚಿಸುವಾಗ ಲಾರಣ್ಣನ ಇಡೀ ಮೈ ಮುಂದಕ್ಕೆ ವಾಲಿತು.

“ಬಾಯಿ, ಅಷ್ಟು ಬೇಡ...”

“ಯಾರೂ ಕೈ ಹಾಕ್ಬೇಡಿ. ಬಾಯಿ ಕೂಡ ಹಾಕ್ಬೇಡಿ. ಇದು ನನ್ನ ಓಟು.”

ಉಪ್ಪು ಬಿತ್ತು. ಲಾರಣ್ಣ ಕಣ್ಣು ಮುಚ್ಚಿಕೊಂಡರು. ಝಾಕಿರ್ ನನ್ನ ಕಿವಿಯ ಹತ್ತಿರ, “ರಕ್ತದೊತ್ತಡಕ್ಕೆ ಮಾತ್ರೆ ಕೊಡುವವರೂ ಇವರೇ ಅಲ್ವಾ?” ಎಂದ. ವಾರಗಳ ನಂತರ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ರೂವಿಯ ಬಾಡಿಗೆ ಸಭಾಂಗಣದಲ್ಲಿ ಉದ್ದಕ್ಕೂ ಮೇಜು, ಮೇಜಿನುದ್ದಕ್ಕೂ ಪಾತ್ರೆ. ಅಷ್ಟು ಪಾತ್ರೆಗಳನ್ನು ಬಳಗ ಯಾವತ್ತೂ ಕಂಡಿರಲಿಲ್ಲ. ಅರ್ಧಕ್ಕರ್ಧ ಬ್ಯಾಚುಲರುಗಳ ಗಂಟುಕಟ್ಟಿದ ಉಪ್ಪಿಟ್ಟು. ಗೋಡೆಯ ಪರದೆಯಲ್ಲಿ ಒಂದು ಕಡೆ ಸೊಹಾರಿನವರು, ಇನ್ನೊಂದು ಕಡೆ ಮಂಜು ಮುಸುಕಿದ ಸಲಾಲಾದವರು. ಒಂದು ಬದಿಯವರು ಇನ್ನೊಂದು ಬದಿಯವರ ಮುಖ ನೋಡುತ್ತಿರಲಿಲ್ಲ. ಮಾವ ಚಮಚ ಹಿಡಿದು ಹೊರಟರು. ಮಂಜೂರು. ಮಂಜೂರು. ಮಂಜೂರು. ಲಾರಣ್ಣನ ಮೀನುಸಾರಿನ ಹತ್ತಿರ ಎರಡು ಚಮಚ, ಮಂಜೂರು. ಅದರ ಪಕ್ಕದಲ್ಲಿ ಹೊಸ ಪಾತ್ರೆ, ಅದರ ಹಿಂದೆ ಐರಿನ್ ಬಾಯಿ.

ಮಾವ ನಿಂತರು.

ನಮ್ಮ ಕಡೆಯವರೊಬ್ಬರು ಎದ್ದರು. “ಆಕ್ಷೇಪ ಉಂಟು! ಸಿಸ್ಟರಿಗೆ ಒಲೆ ಎಲ್ಲಿಂದ ಬಂತು? ಹಾಸ್ಟೆಲಿನಲ್ಲಿ ಒಲೆ ಇಲ್ಲ ಅಂತ ಅವರೇ ಹೇಳಿದ್ದು!”

“ನನ್ನ ಒಲೆ,” ಎಂದೆ. ಯಾರ ಸ್ವರದಲ್ಲಾದರೂ ಹೇಳಿಬಿಡೋಣವೆಂದುಕೊಂಡಿದ್ದೆ. ಬಂದದ್ದು ಆ ನೆಗಡಿಯ ಮೇಕೆಯೇ. “ನಾನು ಬಿಟ್ಟುಕೊಟ್ಟೆ. ನನಗೆ ಇವತ್ತು ಪಾತ್ರೆ ಇಲ್ಲ.”

ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಮಾವನೂ ನೋಡಿದರು. ಅವರು ನನ್ನನ್ನು ವಿಮಾನ ನಿಲ್ದಾಣದಿಂದ ಕರೆತಂದ ದಿನ ನೋಡಿದ್ದ ಹಾಗೆ, ಈ ಸಾಮಾನನ್ನು ಎಲ್ಲಿ ಇಡುವುದು ಎಂಬಂತೆ. ಆಕ್ಷೇಪಿಸಿದವರು ಇನ್ನೂ ನಿಂತೇ ಇದ್ದರು. ಚೀಟಿಯ ಕಡೆಯ ಯಾರೋ ಫೋನು ಎತ್ತಿ ಹಿಡಿದು ಒತ್ತಿದರು; ಮಾವನದ್ದೇ ಸ್ವರ, ಹಿಂದೆ ತುಂತುರಿನ ಸದ್ದು: 'ಅದರ ಮೇಲೆ ತನ್ನ ಕೈಯಿಂದ ಬೇಯಿಸಿ ತಂದವರದ್ದು ಸೌಟು.' ಪರದೆಯಲ್ಲಿ ಸಲಾಲಾದ ಕ್ಯಾಂಪಿನ ಹುಡುಗರು ಮುಂದಕ್ಕೆ ಬಾಗಿದರು. ಈ ಸೌಟು ಬಿದ್ದರೆ ಅವರದ್ದೂ ಬಿದ್ದಂತೆ.

“ನೀವೇ ಬೇಯಿಸಿದ್ದಾ?” ಎಂದು ಮಾವ ಬಾಯಿಯನ್ನು ಕೇಳಿದರು.

“ರುಚಿ ನೋಡಿ. ಬೇರೆ ಯಾರೂ ಹೀಗೆ ಬೇಯಿಸ್ಲಿಕ್ಕೆ ಸಾಧ್ಯ ಇಲ್ಲ.”

ಮೇಜಿನಾಚೆಯಿಂದ ಸುಮತಿ ಅತ್ತೆ ಕೈಕಟ್ಟಿ ನಿಂತು ಹೇಳಿದರು, “ಆರ್ತದೆ. ತೆಗೊಳ್ಳಿ.”

ಮಾವ ಚಮಚ ಅದ್ದಿದರು. ಒಂದು ತೊಂಡೆಕಾಯಿ, ನಾಲ್ಕು ಕಡಲೆ. ಬಾಯಿಗಿಟ್ಟುಕೊಂಡರು. ಅವರ ಹುಬ್ಬು ಮೆಲ್ಲನೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಕಡಲೆ ಕಟಕ್ಕೆಂದದ್ದು ಹಿಂದಿನ ಸಾಲಿನ ತನಕ ಕೇಳಿಸಿತು. ಐರಿನ್ ಬಾಯಿ ಸೌಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮಾವ ಅಗಿದರು. ನುಂಗಿದರು. ಗಂಟಲಿನ ಲಾರಿ ಈ ಸಲ ಸ್ಟಾರ್ಟ್ ಆಗಲು ಹೊತ್ತು ಹಿಡಿಯಿತು.

“ಉಪ್ಪು ಹೆಚ್ಚು,” ಎಂದರು. “ಮಂಜೂರು.”

ಆಕ್ಷೇಪಿಸಿದವರು ಕೂತರು. ಮಾವ ಮುಂದಿನ ಪಾತ್ರೆಗೆ ಹೋದರು, ಹೋಗುವ ಮೊದಲು ಅರ್ಧ ಲೋಟ ನೀರು ಕುಡಿದರು.

ಸೌಟುಗಳು ಎದ್ದವು. ಮೊದಲು ಬದಲಾವಣೆ ಬೇಕೆನ್ನುವವರದ್ದು. ಸ್ಟೀಲು, ಮರ, ಅಲ್ಯೂಮಿನಿಯಂ. ಕೆಲವದರ ತುದಿಯಿಂದ ಸಾರು ಹನಿಯುತ್ತಿತ್ತು. ಅವುಗಳ ನಡುವೆ ಐರಿನ್ ಬಾಯಿಯದ್ದು ಎಲ್ಲಕ್ಕಿಂತ ಮೇಲೆ, ತುದಿಗಾಲಿನಲ್ಲಿ ನಿಂತು ಎತ್ತಿದ್ದು. ಎಣಿಸುವವರು ಎರಡು ಸಲ ಎಣಿಸಿದರು. ಎರಡು ಸಲವೂ ಅವರು ಕೈ ಇಳಿಸಲಿಲ್ಲ. ಆಮೇಲೆ ಬೇಡವೆನ್ನುವವರದ್ದು. ಲಾರಣ್ಣ ಎತ್ತಿದರು. ಮಾವ ಎತ್ತಿದರು. ನಾನು ಖಾಲಿ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡೆ. ಸೊಹಾರ್ ಹೇಳಿತು, ಸಲಾಲಾ ಹೇಳಿತು.

ಸೌಟು ಉಳಿಯಿತು. ಕೆಲವೇ ಸೌಟುಗಳ ಅಂತರದಲ್ಲಿ, ಆದರೂ ಉಳಿಯಿತು.

ನಮ್ಮ ಕಡೆಯವರು ಕೂಗಿದರು, ಪಾತ್ರೆ ಬಡಿದರು. ಚೀಟಿಯವರು ಕೆಲವರು ಊಟಕ್ಕೆ ನಿಲ್ಲದೆ ಹೊರಟರು. ಹೊರಡುವವರ ಮುಖ ನೋಡಿದರೆ ಇದು ಇನ್ನೂ ಬಹಳ ದಿನ ಎಳೆಯುತ್ತದೆ ಎಂದು ತಿಳಿಯುತ್ತಿತ್ತು. ಮಾವ ಎಲ್ಲರ ಕೈ ಕುಲುಕುತ್ತ ಬಂದು ನನ್ನ ಹತ್ತಿರ ಮಾತ್ರ ನಿಲ್ಲಲಿಲ್ಲ. ಎರಡು ಹೆಜ್ಜೆ ದಾಟಿ, ತಿರುಗದೆ, “ಸೋಮವಾರ ಮೇನೇಜರನ ಹತ್ರ ಮಾತಾಡ್ತೇನೆ,” ಎಂದರು. ಒಳ್ಳೆಯದನ್ನು ಮಾತಾಡುತ್ತಾರೋ ಕೆಟ್ಟದ್ದನ್ನೋ ತಿಳಿಯುವಂತಿರಲಿಲ್ಲ. ಕರಾರು ಮುಂದುವರಿಯಿತು, ಅದು ಆಮೇಲಿನ ಮಾತು.

ಊಟವಾದ ಮೇಲೆ ಸಭಾಂಗಣದ ಹಿಂಬದಿಯ ನಲ್ಲಿಯ ಹತ್ತಿರ ಮಾವ ಕೈ ತೊಳೆಯುತ್ತಿದ್ದರು. ನಾನು ನಮ್ಮ ರೂಮಿನ ಪಾತ್ರೆ ತಿಕ್ಕುತ್ತಿದ್ದೆ, ನನ್ನ ಆರನೆಯ ಪಾಲಿನ ಕೆಲಸ. ಐರಿನ್ ಬಾಯಿ ಬಂದರು. ಅವರ ಪಾತ್ರೆಯಲ್ಲಿ ತೊಂಡೆಕಾಯಿ ಮುಕ್ಕಾಲು ಉಳಿದಿತ್ತು. ಮಾವ ಸರಿದು ಜಾಗ ಬಿಟ್ಟರು. ಗೆದ್ದವರು ಎರಡು ಒಳ್ಳೆಯ ಮಾತು ಹೇಳಬೇಕೆಂದು ಅವರಿಗೆ ಅನಿಸಿರಬೇಕು.

“ಬೇಜಾರು ಮಾಡ್ಕೊಳ್ಬೇಡಿ ಸಿಸ್ಟರ್,” ಎಂದರು. “ಊರಿಗೆ ಹೋಗುವಾಗ ಮನಸ್ಸಿನಲ್ಲಿ ಇಟ್ಕೊಳ್ಬೇಡಿ. ಸೋಲು ಗೆಲುವು ಎಲ್ಲ ಇದ್ದದ್ದೇ.”

“ಎಂಥ ಬೇಜಾರು ವಾಮನಣ್ಣ?” ಬಾಯಿ ನಲ್ಲಿಯ ಕೆಳಗೆ ಸೌಟು ಹಿಡಿದರು. ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು, ಎತ್ತಿ ಎತ್ತಿ ನೋಯುತ್ತಿದ್ದ ತೋಳನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತಿದ್ದರು. “ನಿಮ್ಮ ಬಳಗದಲ್ಲಿ ಎಷ್ಟು ಚುನಾವಣೆ ಆಯ್ತು, ಒಂದರಲ್ಲೂ ನನಗೆ ಸೋಲ್ಲಿಕ್ಕೆ ಆಗ್ಲಿಲ್ಲ. ಇವತ್ತು ಸೋತೆ ನೋಡಿ.”